ಮಾವ ಒಪ್ಪದ ಬ್ರಹ್ಮಾಂಡ

ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಿದರೂ ಬೆಟಗೇರಿ ಒಪ್ಪಿರಲಿಲ್ಲ. ಬೆಟಗೇರಿ ಎಂದರೆ ಇಡೀ ಊರಲ್ಲ, ಅಲ್ಲಿನ ನಮ್ಮ ಸೋದರಮಾವ! ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಯಾರು ಏನೇ ಹೇಳಲಿ, ಪುರಾವೆ ಕೇಳುವುದು ಅವನ ಚಟ.

ಸ್ವಾತಂತ್ರ್ಯ ಬಂತೆಂದು ಓಣಿಯೆಲ್ಲ ಪೇಢೆ ಹಂಚಿದ ದಿನ ಇವನು ಸೈಕಲ್ಲು ಹತ್ತಿ ಲಕ್ಷ್ಮೇಶ್ವರದ ದಾರಿ ಹಿಡಿದ. ಅದಿನ್ನೂ ಸಂಸ್ಥಾನಿಕರ ಊರು. ಗಡಿಯ ನಾಕಾದಲ್ಲಿ ರಾಜರ ಸಿಪಾಯಿ ಎಂದಿನಂತೆ ತೂಕಡಿಸುತ್ತಿದ್ದನಂತೆ. ಸಂಜೆ ಬಂದವನೇ ಪೇಢೆಯನ್ನು ಮುರಿದು ಒಂದು ತುಂಡನ್ನು ತಿರುಗಿ ಕೊಟ್ಟ. "ಇನ್ನೂ ಅರ್ಧಾನ ಬಂದೈತಿ!"

ಇಂಥವನಿಗೆ, ಧಾರವಾಡದ ಕಾಲೇಜಿನಿಂದ ರಜೆಗೆ ಬಂದ ನಾನು ಬ್ರಹ್ಮಾಂಡ ಕಲಿಸಹೋದೆ! ಏಕೀಕರಣದ ಸಭೆಗಳು ಜೋರಾಗಿದ್ದ ಕಾಲ. ದೂರದ ನಕ್ಷತ್ರಲೋಕಗಳ ಬೆಳಕು ಕೆಂಪಿನ ಕಡೆ ಸರಿದಿದೆ, ಆದ್ದರಿಂದ ಅವು ನಮ್ಮಿಂದ ದೂರ ಓಡುತ್ತಿವೆ ಎಂದೆ.

ಮಾವ ಬಣ್ಣದ ಹಂಡೆಯಿಂದ ಕೈ ತೆಗೆಯಲೇ ಇಲ್ಲ. "ಕನ್ನಡದವರೆಲ್ಲಾ ಒಂದಾಗೂ ಹೊತ್ತಿನ್ಯಾಗ ನಿನ್ನ ಲೋಕ ಯಾಕ ಚದರಾಕತ್ತೈತಲೇ? ಕೆಂಪಾತು ಅಂದ್ರ ಓಡಿತು ಅಂತೇನು? ಮೂವತ್ತು ವರ್ಷ ಕೆಂಪು ಹಾಕೇನಿ, ಒಂದು ಲಡಿ ನೂಲೂ ಹಂಡೆ ಬಿಟ್ಟು ಓಡಿಲ್ಲ!"

"ಮಾಮಾ, ಅದು ಹಂಗಲ್ಲ..."

"ಬೆಳಕು ಅಷ್ಟು ದೂರದಿಂದ ಬರತೈತಿ. ಹಾದ್ಯಾಗ ಧೂಳ ಇರೂದಿಲ್ಲೇನು? ದಣಿಯೂದಿಲ್ಲೇನು? ಮುಂಡರಗಿಯಿಂದ ನಡಕೋಂತ ಬಾ, ನಿನ್ನ ಮಾರೀನೂ ಕೆಂಪಾಗತೈತಿ!"

ನಗಬೇಡಿ, ನಾನು ರೈಲನ್ನು ಸಾಕ್ಷಿಗೆ ಕರೆದೆ. ಬರುವ ರೈಲಿನ ಸಿಳ್ಳು ಏರಿರುತ್ತದೆ, ಹೋಗುವಾಗ ಇಳಿಯುತ್ತದೆ. ಬೆಳಕು ಕೆಂಪಾಗುವುದೂ ಹಾಗೆಯೇ. ಬಂತೋ ಹೋಯಿತೋ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ ಎಂದೆ.

"ತೋರ್ಸು ನಡಿ," ಎಂದವನು ಕೈ ಕೂಡ ತೊಳೆಯದೆ ಎದ್ದ.

ಗದಗ ಸ್ಟೇಶನ್ನಿನಾಚೆ ಎರಡು ಹಳಿ. ಒಂದರ ಮೇಲೆ ಹುಬ್ಬಳ್ಳಿ ಗಾಡಿ ಹೊರಟಿತ್ತು. ಖಾಲಿ ಕಂಡ ಇನ್ನೊಂದರ ನಡುವೆ ನಾನು ನಿಂತು, ಬುದ್ಧಿವಂತ ನೋಡಿ, ಕಣ್ಣು ಮುಚ್ಚಿದೆ! ಗಾಡಿ ದಾಟಿತು, ಸಿಳ್ಳು ಇಳಿಯಿತು. "ದೂರ ಹೊಂಟೈತಿ!" ಎಂದು ಕೂಗಿದೆ. ಗೆದ್ದಿದ್ದೆ.

ಅಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಎಳೆದರು. ಜಲ್ಲಿಕಲ್ಲಿನ ಮೇಲೆ ಮಾವನ ಜೊತೆಗೇ ಉರುಳಿದೆ. ಸಿಳ್ಳೂ ಇಲ್ಲ ಸೂಚನೆಯೂ ಇಲ್ಲ, ಹಿಂದಕ್ಕೆ ಸರಿದು ಬರುತ್ತಿದ್ದ ಗೂಡ್ಸ್ ಡಬ್ಬಿಗಳು ನಾನು ನಿಂತಲ್ಲೇ ಹಾದುಹೋದವು. ಆ ಗಾಲಿಗಳು ಇವತ್ತಿಗೂ ಊಟದ ನಡುವೆ ಉರುಳುತ್ತವೆ; ತುತ್ತು ಕೈಯಲ್ಲೇ ನಿಲ್ಲುತ್ತದೆ.

"ಏನೂ ಆಗಿಲ್ಲ ಮಾಮಾ," ಎಂದೆ. ನಂಬುವ ಪೈಕಿಯೇ? ಅಂಗೈಯನ್ನು ನನ್ನ ಎದೆಗೆ ಒತ್ತಿ ಹಿಡಿದ. ಬಡಿತ ಸಿಕ್ಕಿತು. ಆದರೂ ಕೈ ತೆಗೆಯಲಿಲ್ಲ.

"ಒಪ್ಪಿದೆನೋ ತಮ್ಮಾ," ಎಂದ. "ಹಿಗ್ಗಲಿ, ಎಷ್ಟಾರ ಹಿಗ್ಗಲಿ. ನೀ ಮನಿಗಿ ನಡಿ."

ಮರುದಿನ ಹಂಡೆಯ ಮುಂದೆ ಕುಳಿತು ಮಾತು ತಿರುಗಿಸಿದ. "ನಿನ್ನಿ ಅಂಜಿ ಅಂದದ್ದು ಖರೆ ಅಲ್ಲ. ಪುರಾವಿ ಎಲ್ಲೈತಿ?"

ಮಾವ ಹೋಗಿ ಬಹಳ ವರ್ಷಗಳಾದವು. ಅಂದು ನಾನು ತೊಟ್ಟಿದ್ದ ಬಿಳಿ ಅಂಗಿ ನನ್ನ ಟ್ರಂಕಿನಲ್ಲಿದೆ. ಎದೆಯ ಮೇಲೆ ಐದು ಬೆರಳೂ ಮೂಡಿದ ಕೆಂಪು ಅಂಗೈ. ಅವ್ವ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಬಣ್ಣ ಹಾಕಿದವನು ಯಾರು!

ಕೆಂಪಾದದ್ದು ದೂರ ಹೋಗುತ್ತಿದೆ ಎಂದೇ ಇಂದಿಗೂ ತರಗತಿಯಲ್ಲಿ ಪಾಠ ಹೇಳುತ್ತೇನೆ. ಮನೆಗೆ ಬಂದು ಟ್ರಂಕು ತೆರೆದಾಗ ಮಾತ್ರ ನನಗೇ ನಂಬಿಕೆ ಬರುವುದಿಲ್ಲ.