ಗುಡಿಯ ಗ್ರಹ, ಶಾಲೆಯ ಗ್ರಹ

‘ಗ್ರಹ’ ಬಹಳ ಹಳೆಯ ಮಾತು. ನವನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಪಾಲಿಗೆ ಗ್ರಹಗಳು ಎಂಟು, ಪಕ್ಕದ ಗುಡಿಯಲ್ಲಿ ಒಂಬತ್ತು. ಇವೆರಡರ ನಡುವೆ ಸಿಕ್ಕು ನಾನು ಹೈರಾಣಾಗುವುದು ಯಾವ ವರ್ಷವೂ ತಪ್ಪಿಲ್ಲ.

ಹೊಸಬರು

ಸೂರ್ಯ ನಕ್ಷತ್ರ, ಚಂದ್ರ ಉಪಗ್ರಹ, ರಾಹು-ಕೇತು ನಮ್ಮ ಪಾಠದಲ್ಲೇ ಇಲ್ಲ ಎಂದು ತರಗತಿಯಲ್ಲಿ ಹೇಳಿದ್ದೆ. ಮರುದಿನ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಶಾಲೆಗೇ ಬಂದರು.

“ನಾಕು ಮಂದೀನ ತಗದ ಹಾಕೀರಂತಲ್ರಿ ಸರ?”

“ಹೌದ್ರಿ ಅಜ್ಜಿ. ಭೂಮಿ, ಯುರೇನಸ್, ನೆಪ್ಚೂನ್ ಸೇರ್ಯಾವ್ರಿ.”

ಜಗಳ ಶುರುವಾಯಿತೆಂದೇ ಹೆದರಿದೆ. ಅವರು ಸೆರಗು ಸರಿಮಾಡಿಕೊಂಡು, “ಇರ್ಲಿ ಬಿಡ್ರಿ. ಈ ಹೊಸಬರಿಗೆ ಯಾವ ಕಾಳು ಇಟ್ಟು ಪೂಜಿ ಮಾಡಬೇಕು, ಅಷ್ಟು ಹೇಳ್ರಿ” ಎಂದರು.

ತಿರುಗುವವರು

ವರ್ಗಾವಣೆಯ ಸುದ್ದಿ ಹಬ್ಬಿದಾಗ ಹೆಂಡತಿಯ ಕಾಟ ತಾಳದೆ ನಾನೂ ನವಗ್ರಹ ಸುತ್ತಲು ಹೋದೆ. ಯಾರೂ ನೋಡದಿರಲಪ್ಪಾ ಎಂದು ಲಗುಬಗೆಯಿಂದ ಸುತ್ತುವಾಗ ಆ ಅಜ್ಜಿಯ ಮೊಮ್ಮಗಳೇ ಎದುರಾಗಬೇಕೆ!

“ಸರ, ಇಲ್ಲೂ ಸೂರ್ಯ ನಡುವ ಅದಾನ ನೋಡ್ರಿ, ನೀವು ಹೇಳಿದಂಗ.”

“ಹೌದವಾ” ಎಂದೆ, ಹಿಗ್ಗಿನಿಂದ.

“ಗ್ರಹ ಎಲ್ಲಾ ಸುಮ್ನ ನಿಂತಾವ್ರಿ. ತಿರಗಾಕತ್ತವರು ನೀವೊಬ್ರ.”

ಶನಿವಾರದ ಎಣ್ಣೆ

ವಿಜ್ಞಾನ ಪ್ರದರ್ಶನಕ್ಕೆ ಆ ಹುಡುಗಿ ಹಳೆಯ ಸೈಕಲ್ ಬೇರಿಂಗು, ತಂತಿ, ಚೆಂಡುಗಳಿಂದ ಸೌರಮಂಡಲ ಕಟ್ಟಿದ್ದಳು. ಹಿಡಿಕೆ ತಿರುಗಿಸಿದರೆ ಎಲ್ಲ ಗ್ರಹಗಳೂ ಸುತ್ತಬೇಕು. ಗೆದ್ದರೆ ಧಾರವಾಡದ ಜಿಲ್ಲಾ ಪ್ರದರ್ಶನಕ್ಕೆ ಹೋಗಬಹುದು. ಪರೀಕ್ಷಕರು ಪಕ್ಕದ ಮೇಜಿಗೆ ಬಂದರು, ಇತ್ತ ಶನಿಯ ಕೆಳಗಿನ ಬೇರಿಂಗು ಬಿಗಿದುಕೊಂಡಿತು. ಅದರೊಂದಿಗೆ ಉಳಿದವೂ ನಿಂತವು. ಹುಡುಗಿಯ ಕಣ್ಣು ತುಂಬಿತು. ನನಗೂ ಬಹಳ ಸಂಕಟವಾಯಿತು.

ಅಂದು ಶನಿವಾರ. ಗುಡಿಗೆ ಹೊರಟಿದ್ದ ಅಜ್ಜಿ ಎಣ್ಣೆಯ ಗಿಂಡಿ ಹಿಡಿದೇ ಮೊಮ್ಮಗಳ ಸಾಹಸ ನೋಡಲು ಬಂದರು.

“ಇದ್ರಾಗ ಶನಿ ಯಾವುದವಾ?”

ಹುಡುಗಿ ಮೂಗೊರೆಸಿಕೊಳ್ಳುತ್ತ ಬಳೆ ತೊಡಿಸಿದ್ದ ಚೆಂಡನ್ನು ತೋರಿಸಿದಳು. “ಅಜ್ಜಿ, ಬ್ಯಾಡ್ರಿ!” ಎಂದು ನಾನು ಕೂಗುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ಎಣ್ಣೆ ಸುರಿದಾಗಿತ್ತು. ಎಣ್ಣೆ ಚೆಂಡಿನಿಂದ ಇಳಿದು ಬೇರಿಂಗಿಗೆ ಸೇರಿತು. ಹುಡುಗಿ ಹಿಡಿಕೆ ಮುಟ್ಟಿದಳು. ಇಡೀ ಸೌರಮಂಡಲ ಸರಾಗವಾಗಿ ತಿರುಗಿತು!

“ಇಷ್ಟು ಹಗುರ ಹ್ಯಾಂಗ ತಿರಗ್ತದ?” ಎಂದು ನಮ್ಮ ಮೇಜಿಗೆ ಬಂದ ಪರೀಕ್ಷಕರು ಬೆರಗಾದರು.

“ಘರ್ಷಣೆ ಕಡಿಮಿ ಮಾಡೇವ್ರಿ ಸರ” ಎಂದಳು ಹುಡುಗಿ, ಅಜ್ಜಿಯತ್ತ ನೋಡುತ್ತ.

ಆಯ್ಕೆಯಾದಳು. ಖುಷಿಗೆ ನಾನು ಮೇಷ್ಟ್ರೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿದೆ. ಅಜ್ಜಿ ಮಾತ್ರ ಆಗಲೇ ಮುಂದಿನ ತಯಾರಿಯಲ್ಲಿದ್ದರು.

“ಧಾರವಾಡದಾಗ ಯಾವ ವಾರ ಐತ್ರಿ ಸರ?”

“ಮಂಗಳವಾರ ರಿ.”

“ಛಲೋ ಆತು. ಮಂಗಳಗ ತೊಗರಿ ಅಂದ್ರ ಭಾಳ ಪ್ರೀತಿ. ಒಂದು ಬೊಗಸಿ ತಂದು ಸುರುವತೇನಿ.”

ನಾನೂ ಹುಡುಗಿಯೂ ಒಟ್ಟಿಗೇ ಮಂಗಳನ ಮೇಲೆ ಕೈ ಅಡ್ಡ ಹಿಡಿದೆವು.