ಬಸ್ಸು ಬಂದರೆ ಹೊರಗಾಗುತ್ತಿದ್ದ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಮೈಗೂ ಹುಣಸೂರಿನ ಬಸ್ಸಿಗೂ ಏನೋ ಒಳಸಂಬಂಧವಿತ್ತು ಎಂದರೆ ನೀವು ನಗಬಹುದು. ನಗಿ, ತಪ್ಪಿಲ್ಲ! ಆದರೆ ಊರ ಮುಂದೆ ಬಸ್ಸು ನಿಂತು, ನೆಂಟರು ಇಳಿದು, ಗಂಟುಮೂಟೆ ಸಮೇತ ನಮ್ಮ ಮನೆ ಕಡೆ ತಿರುಗಿದರೆಂದರೆ, ಅವರು ಕಾಲು ತೊಳೆಯುವ ಮೊದಲೇ ದೊಡ್ಡಮ್ಮ ಮುಟ್ಟಾಗಿರುತ್ತಿದ್ದಳು. ಚಾಪೆ ಸುತ್ತಿಕೊಂಡು, ತಟ್ಟೆ ಲೋಟ ಎತ್ತಿಕೊಂಡು, ಹಿತ್ತಲಲ್ಲಿ ಹುಲ್ಲಿನ ಮೆದೆ ಪಕ್ಕದ ಜಗುಲಿಗೆ ಹೋಗಿ ಕೂತಳೆಂದರೆ ಮುಗಿಯಿತು. ಮೂರು ದಿನ ಅವಳನ್ನು ಯಾರೂ ಮುಟ್ಟುವಂತಿಲ್ಲ, ಕೆಲಸ ಹೇಳುವಂತಿಲ್ಲ, ಹತ್ತಿರ ಕೂತು ಹರಟುವಂತಿಲ್ಲ. ಇಂಥ ಸುಖ ಯಾವ ಮಹಾರಾಣಿಗಿತ್ತು ಹೇಳಿ?

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಪ್ಪ ಆಗಷ್ಟೇ ಹೊಗೆಸೊಪ್ಪು ಬೇಯಿಸಲು ಬ್ಯಾರನ್ ಕಟ್ಟಿಸಿದ್ದ. ಅದನ್ನು ನೋಡುವ ನೆಪದಲ್ಲಿ ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ನೆಂಟರು ಬರುತ್ತಲೇ ಇದ್ದರು. ನಾಲ್ಕು ಗೋಡೆ, ಒಂದು ಒಲೆ. ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಆದರೂ ಅವರು ವಾರಗಟ್ಟಲೆ ನೋಡುತ್ತಿದ್ದರು.

ಹಾಗಂತ ದೊಡ್ಡಮ್ಮನಿಗೆ ಜನ ಕಂಡರೆ ಆಗುತ್ತಿರಲಿಲ್ಲವೇ? ಛೇ, ಹಾಗಲ್ಲ. ನಾನೇ ಒಮ್ಮೆ ಕೇಳಿದ್ದೆ. ಹೆಣ್ಣಾದರೂ ಅವಳ ಬಾಯಲ್ಲಿ ನಾನು 'ಮಗ'ನೇ.

"ಜನ ಅಂದ್ರೆ ನಂಗಿಷ್ಟನೇ ಕಣ್ ಮಗ," ಅಂದಿದ್ದಳು. "ಆದ್ರೆ ವಸಿ ವಸಿ ಬೇಕು, ಉಪ್ಪಿನಕಾಯಿ ತರ. ಇವ್ರು ನೋಡುದ್ರೆ ಜಾಡಿನೇ ತಂದು ತಟ್ಟೆಗೆ ಬೋರಲಾಕ್ತಾರೆ!"

ಒಮ್ಮೆ ಎಚ್.ಡಿ. ಕೋಟೆಯ ಸೋದರತ್ತೆ ಬಂದಳು. ಅವಳು ಬೀಗರ ಮನೆಯ ಒಂದು ಜಗಳ ಹೇಳಲು ಶುರುಮಾಡಿದರೆ ಮಧ್ಯೆ ರಾಗಿ ಬಿತ್ತಿ ಕಟಾವು ಮಾಡಿಕೊಂಡು ಬರಬಹುದಿತ್ತು. ದೊಡ್ಡಮ್ಮ ಎಂದಿನಂತೆ ಚಾಪೆ ಸುತ್ತಿದಳು. ಅತ್ತೆಗೆ ಅನುಮಾನ ಬಂತು.

"ಅಲ್ಲ ಕಣತ್ಗೆ, ಮೊನ್ನೆ ಅಮಾಸೆಗೆ ಬಂದಾಗ್ಲೂ ಒರಗೇ ಕುಂತಿದ್ದಲ್ಲ? ಇದೇನು ಇಷ್ಟು ಬೇಗ?"

"ಏನ್ ಮಾಡದು, ಮೈ ಸರಿಯಿಲ್ಲ ಕಣವ್ವ," ಎಂದು ದೊಡ್ಡಮ್ಮ ನರಳಿದಳು.

ನರಳಿದ್ದೇ ತಪ್ಪಾಯಿತು! ಅತ್ತೆ ಊರೆಲ್ಲ ತಿರುಗಿ ಯಾವುದೋ ತೊಗಟೆ ತಂದು, ಅರೆದು, ಕುದಿಸಿ, ಲೋಟದ ತುಂಬ ಕಷಾಯ ಮಾಡಿ ದೂರದಿಂದ ಇಟ್ಟಳು. ದೊಡ್ಡಮ್ಮ ಕಣ್ಣು ಮುಚ್ಚಿ ಗಟಗಟ ಕುಡಿದಳು. "ಕಹೀನಾ ದೊಡ್ಡಮ್ಮ?" ಎಂದೆ. "ನಿಮ್ಮತ್ತೆ ಮಾತಿಗಿಂತ ವಾಸಿ ಬುಡು," ಎಂದು ಬಾಯಿ ಒರೆಸಿಕೊಂಡಳು.

ಇಷ್ಟರವರೆಗೆ ನಗು. ಇನ್ನು ಮುಂದೆ ನನ್ನ ಪ್ರಾಣಸಂಕಟ.

ನಾನು ಹಸುಗೂಸಾಗಿದ್ದಾಗಲೇ ಅವ್ವ ಹೋಗಿಬಿಟ್ಟಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ದೊಡ್ಡಮ್ಮ. ನನ್ನ ಮದುವೆಯ ಮಾತು ಬಂದಾಗ ತಾಯಿಯ ಜಾಗದಲ್ಲಿ ಕೂರಬೇಕಾದವಳೂ ಅವಳೇ. ಗಂಡಿನ ತಾಯಿ, ಹೆಣ್ಣಿನ ತಾಯಿ ಎದುರುಬದುರು ಕೂತು ವೀಳ್ಯ ಬದಲಾಯಿಸಿಕೊಂಡರೇ ಸಂಬಂಧ ಗಟ್ಟಿ. ಪಿರಿಯಾಪಟ್ಟಣದ ಕಡೆಯಿಂದ ಮೊದಲ ಗಂಡಿನವರು ಬಂದರು. ಎಷ್ಟು ಜನ ಅಂತೀರಿ! ಬಸ್ಸು ಖಾಲಿಯಾಯಿತು, ನಡುಮನೆ ತುಂಬಿತು, ದೊಡ್ಡಮ್ಮ ಹಿತ್ತಲಿಗೆ ಹೋದಳು. "ಶುಭಕಾರ್ಯಕ್ಕೆ ಬಂದ್ರೆ ಮನೆ ಹೆಂಗಸೇ ಒರಗೆ ಕುಂತವ್ಳೆ. ಶಕುನ ಸರಿಯಿಲ್ಲ," ಎಂದು ಗಂಡಿನ ಸೋದರಮಾವ ಎದ್ದ. ಬಂದವರೆಲ್ಲ ಅವನ ಹಿಂದೆಯೇ ಎದ್ದರು. ಆ ದಿನ ದೊಡ್ಡಮ್ಮ ಉಣ್ಣಲಿಲ್ಲ. ಯಾರೂ ಅವಳನ್ನು ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಎರಡನೆಯ ಸಂಬಂಧ ಚುಂಚನಕಟ್ಟೆಯ ಕಡೆಯದು. ಆ ಹುಡುಗನನ್ನು ನಾನು ಒಂದು ಮದುವೆ ಮನೆಯಲ್ಲಿ ಬಡಿಸುವಾಗ ನೋಡಿದ್ದೆ. ಮುಚ್ಚಿಡುವುದೇನು, ನನಗೆ ಇಷ್ಟವಾಗಿದ್ದ. ಇದೂ ತಪ್ಪಿಹೋದರೆ? ಆ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಆಗ ಕಾರ್ಯಭಾರ ವಹಿಸಿಕೊಂಡವಳು ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ. ಸೊಸೆಯ ಗುಟ್ಟು ಅವಳಿಗೆ ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು, ಆದರೆ ಬಾಯಿ ಬಿಟ್ಟವಳಲ್ಲ. ಗಂಡಿನವರು ಬರುವ ವಾರವೆಲ್ಲ ಅವಳು ಬಾಗಿಲಲ್ಲೇ ಕಾವಲು ಕೂತಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ನೆರೆಯವಳನ್ನು ಬೀದಿಯಲ್ಲೇ ಮಾತಾಡಿಸಿ ಸಾಗಹಾಕಿದಳು. ದೊಡ್ಡಪ್ಪ ಊಟಕ್ಕೆ ಕೂತು, "ಇವ್ಳೇ, ಸಾರಿಗೆ ಉಪ್ಪು..." ಅನ್ನುತ್ತಿದ್ದಂತೆ ಗದರಿದಳು:

"ಸುಮ್ಕೆ ಉಣ್ಣಲಾ! ಭಾನುವಾರದ ತನಕ ಅವಳ ಮಾತ ಖರ್ಚು ಮಾಡ್ಬ್ಯಾಡ!"

ದೊಡ್ಡಪ್ಪ ಪಾಪ, ವಾರವಿಡೀ ಸಪ್ಪೆ ಉಂಡ.

ಭಾನುವಾರ ಬಂತು. ಚುಂಚನಕಟ್ಟೆಯವರೂ ಬಂದರು, ಮೊದಲಿನವರಿಗಿಂತ ಹೆಚ್ಚು ಜನ! ಗಂಡಿನ ತಾಯಿಯೋ, ಸೋದರತ್ತೆಯನ್ನೂ ಮೀರಿಸುವ ಮಾತುಗಾತಿ. ನಾನು ಒಳಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಸೊಂಟ ಒತ್ತಿ ಹಿಡಿದಿತ್ತು. ಮಾತಿನ ಮಧ್ಯೆ ತಟ್ಟನೆ ಎದ್ದಳು. ಮುಗಿಯಿತು, ಹೋದಳು ಚಾಪೆ ತರಲು! ಆದರೆ ಅವಳು ನೀರಿನ ಚೊಂಬು ತಂದು ಬೀಗಿತ್ತಿಯ ಮುಂದಿಟ್ಟು ಮತ್ತೆ ಕೂತಳು. ನಕ್ಕಳು, ಬತ್ತದ ನಾಟಿಯ ಬಗ್ಗೆ ಕೇಳಿದಳು, ನಾಲೆ ನೀರಿನ ಬಗ್ಗೆ ಕೇಳಿದಳು. ದೀಪ ಹಚ್ಚಿದಳು. ಎರಡೂ ಕೈಯಲ್ಲಿ ವೀಳ್ಯದ ತಟ್ಟೆ ಹಿಡಿದು, "ನಮ್ ಮಗ ಇನ್ನು ನಿಮ್ಮನೆ ಮಗ ಕಣ್ರವ್ವ," ಎಂದು ಕೊಟ್ಟಳು. ಸಂಬಂಧ ಗಟ್ಟಿಯಾಯಿತು.

ಸಂಜೆಯ ಬಸ್ಸಿಗೆ ಅವರೆಲ್ಲ ಹೊರಟರು. ಬಸ್ಸಿನ ಸದ್ದು ದೂರವಾಗುತ್ತಿದ್ದಂತೆ ದೊಡ್ಡಮ್ಮ ಚಾಪೆ ಸುತ್ತಿ ಹಿತ್ತಲಿಗೆ ನಡೆದಳು.

"ಈಗ್ಯಾಕಮ್ಮಿ? ಎಲ್ರೂ ಹೊಂಟೋದ್ರಲ್ಲ!" ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ನನಗೂ ನಗು. ಅವಳ ಊಟ ಹಿಡಿದುಕೊಂಡು ಹಿಂದೆಯೇ ಹೋದೆ.

"ದೂರ ಇಡು ಮಗ. ಮುಟ್ಬ್ಯಾಡ."

"ಸಾಕು ಬಿಡು ದೊಡ್ಡಮ್ಮ, ಇಲ್ಲಿ ಯಾರೂ ಇಲ್ಲ."

"ಇವತ್ತು ನಿಜ ಕಣ್ ಮಗ."

ನನ್ನ ನಗು ನಿಂತಿತು. "ಯಾವಾಗಿಂದ?"

"ಬೆಳಿಗ್ಗೆ ಎದ್ದಾಗ್ಲಿಂದ."

ದೀಪ, ವೀಳ್ಯ, ಎಲ್ಲವನ್ನೂ ಮುಟ್ಟಿದ್ದಳಲ್ಲ! ಮಡಿ ಮೈಲಿಗೆ ಎಂದರೆ ಜೀವ ಬಿಡುತ್ತಿದ್ದ ಕಾಲ ಅದು. "ದೇವ್ರು ಕೋಪ ಮಾಡ್ಕೊಂಡ್ರೆ ದೊಡ್ಡಮ್ಮ?"

"ದೇವ್ರು ಒಬ್ನೇ ತಾನೆ?" ಎಂದಳು. "ಒಬ್ನತ್ರ ನಾನು ಎಂಗೋ ಮಾತಾಡ್ಕತೀನಿ ಬುಡು."

ನನಗೆ ಅಳು ಬಂದುಬಿಟ್ಟಿತು. ತಟ್ಟೆ ಕೆಳಗಿಟ್ಟು, ಹೋಗಿ ಅವಳಿಗೆ ಅಂಟಿಕೊಂಡೇ ಕೂತೆ. "ಮೈಲಿಗೆ ಕಣೇ, ಅತ್ಲಾಗೋಗು," ಎಂದು ಒಂದು ಸಲ ಮೆಲ್ಲಗೆ ತಳ್ಳಿದಳು. ನಾನು ಹೋಗಲಿಲ್ಲ. ತೊಡೆಯ ಮೇಲೆ ತಲೆಯಿಟ್ಟೆ. ಅವಳಲ್ಲಿ ಆಡಲು ಮಾತು ಉಳಿದಿರಲಿಲ್ಲ, ನಾನೂ ಆಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ಬಂದು ನನ್ನ ಕೂದಲ ಮೇಲೆ ಕೂತಿತು.