ಸೋಫಾ ಸಾಗಹಾಕಿದ ನಮ್ಮ ಭಾವ

ನಮ್ಮ ಭಾವನ ಮನೆಗೆ ಊಟಕ್ಕೆ ಹೋದವರು ಯಾರೂ ಈವರೆಗೆ ಬರಿಗೈಯಲ್ಲಿ ಮರಳಿದ್ದಿಲ್ಲ. ದಯವಿಟ್ಟು ಇದನ್ನು ಔದಾರ್ಯ ಎಂದುಕೊಳ್ಳಬೇಡಿ. ಅಕ್ಕ ಅರಿಶಿನ ಕುಂಕುಮ ಕೊಟ್ಟು ಕಳಿಸುವ ಹೊತ್ತಿಗೆ ಸರಿಯಾಗಿ ಭಾವ ಹಿಂದಿನಿಂದ ಒಂದು ಟೇಬಲ್ ಲ್ಯಾಂಪನ್ನೋ ಕುಕ್ಕರನ್ನೋ ಎತ್ತಿಕೊಂಡು ಬಂದು, "ಇದನ್ನೂ ಒಯ್ಯಿರಿ, ನಮಗ ಬ್ಯಾಡ" ಎಂದು ಕಾರಿನ ಡಿಕ್ಕಿ ತೆಗೆಸುತ್ತಾರೆ. ಅದು ಅಕ್ಕ ದಿನಾ ಅನ್ನ ಮಾಡುವ ಕುಕ್ಕರ್ ಎಂಬ ಸಂಗತಿ ಮರುದಿನ ಅವಳ ಫೋನು ಬಂದಾಗಷ್ಟೇ ತಿಳಿಯುತ್ತದೆ.

ಭಾವ ಧಾರವಾಡದವರು, ಅಕ್ಕ ಮತ್ತು ನಾನು ಮೈಸೂರಿನವರು. ಈಗ ಎಲ್ಲರೂ ಇರುವುದು ಪರದೇಶದಲ್ಲಿ: ಅವರ ಮನೆ ಮಾರಿಸ್‌ಟೌನಿನಲ್ಲಿ, ನಮ್ಮದು ಪ್ಲೇನ್ಸ್‌ಬರೋದಲ್ಲಿ. ಒಮ್ಮೆ ಅಕ್ಕ ಬೇಸಿಗೆಗೆ ಮೈಸೂರಿಗೆ ಹೋಗಿ ಬಂದು ಬಾಗಿಲು ತೆಗೆದರೆ, ಹಾಲಿನಲ್ಲಿ ಸೋಫಾ ಇದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು.

"ಸೋಫಾ ಎಲ್ಲಿ ರೀ?"

"ನಿನ್ನ ತಂಗಿ ಮನ್ಯಾಗ ಅದ. ಆರಾಮ ಅದ," ಎಂದರು ಭಾವ, ಹಾಸ್ಟೆಲಿಗೆ ಸೇರಿಸಿದ ಮಗನ ಸುದ್ದಿ ಹೇಳುವವರ ಹಾಗೆ.

"ಬಂದೋರು ಎಲ್ಲಿ ಕೂತ್ಕೊಬೇಕು?"

"ಮನಿ ಯಾರಿಗೆ? ಮಂದಿಗೋ, ಸಾಮಾನಿಗೋ? ಜಮಖಾನಿ ಹಾಸೀನಿ, ಕೂಡಲಿ."

ಒಂದು ಸಾಮಾನು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು, ಇದು ಅವರ ಮನೆಯ ಕಾಯಿದೆ. ಹೋಬೋಕನ್ನಿನಿಂದ ಬಂದ ಹೊಸ ದಂಪತಿಗಳಿಗೆ ಇದು ಹೇಗೆ ಗೊತ್ತಿರಬೇಕು? ಪಾಪ, ಪ್ರೀತಿಯಿಂದ ಒಂದು ಹಿತ್ತಾಳೆಯ ಗಣಪತಿ ತಂದರು. ಭಾವ ಭಕ್ತಿಯಿಂದ ಕೈಮುಗಿದು ಗಣಪತಿಯನ್ನು ಒಳಗೆ ಕರೆದುಕೊಂಡರು, ಹೊರಡುವಾಗ ಊಟದ ಮೇಜಿನ ಕುರ್ಚಿಯೊಂದನ್ನು ಆ ಹುಡುಗನ ಹೆಗಲಿಗೇರಿಸಿದರು. ಅವರು ಬಂದದ್ದು ಟ್ರೈನಿನಲ್ಲಿ. ಅಂದು ಗಾಡಿ ಕಿಕ್ಕಿರಿದಿತ್ತಂತೆ, ಹೋಬೋಕನ್ ತಲುಪುವವರೆಗೆ ಜನ ನಿಂತೇ ಇದ್ದರಂತೆ. ಇವರಿಗೆ ಮಾತ್ರ ಸೀಟಿತ್ತು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು: ಆ ಮನೆಗೆ ಹೋದವರಿಗೆ ಏಳಲು ಮನಸ್ಸು ಬರುವುದಿಲ್ಲ. ಒಂದು ಕೆಂಪು ಜಮಖಾನೆ, ಗೋಡೆಗೆ ಒರಗಿಸಿದ ಲೋಡುಗಳು, ಮೂಲೆಯಲ್ಲಿ ಹಳದಿ ಬೆಳಕಿನ ಒಂದು ದೀಪ, ಅಷ್ಟೇ. ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಹಾಕಿದ್ದಾರೆ. ಹೊರಗಿನ ಮೇಪಲ್ ಮರ ಅದರಲ್ಲೂ ಕಾಣುತ್ತದೆ. "ಒಂದು ಮರಕ್ಕ ಇನ್ನೊಂದು ಫುಕಟ್," ಎನ್ನುತ್ತಾರೆ ಭಾವ. ಕಾಫಿ ಲೋಟ ಹಿಡಿದು ಕಾಲು ಚಾಚಿದರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ನಮ್ಮ ಮನೆಯಲ್ಲೋ, ಎರಡೆರಡು ಸೋಫಾಗಳಿದ್ದರೂ ಬಂದವರು ಆಟದ ಸಾಮಾನುಗಳ ನಡುವೆ ಬಸ್ಸಿಗೆ ಕಾಯುವವರಂತೆ ತುದಿಯಲ್ಲಿ ಕೂತಿರುತ್ತಾರೆ.

ನಮ್ಮಮ್ಮ ನನ್ನ ಜೊತೆಗೇ ಇರುವುದು. ಮೊಸರಿನ ಖಾಲಿ ಡಬ್ಬಿಯನ್ನು ಎಸೆಯುವುದು ಅವರ ದೃಷ್ಟಿಯಲ್ಲಿ ಪಾಪ. ಒಂದು ಭಾನುವಾರ ಭಾವ ನಮ್ಮ ಅಡುಗೆಮನೆಯ ಕಪಾಟು ತೆಗೆದು ಬಹಳ ಹೊತ್ತು ನಿಂತರು.

"ಅತ್ತೀ, ಈ ಡಬ್ಬಿಯೊಳಗ ಏನದ?"

"ಚಿಕ್ಕ ಡಬ್ಬಿ."

"ಅದರೊಳಗ?"

"ಇನ್ನೂ ಚಿಕ್ಕದು."

"ಅದರೊಳಗ?"

"ಮುಚ್ಚಳಗಳು," ಎಂದರು ಅಮ್ಮ. "ನಿಮಗೆ ಬೇಕಾಗಿತ್ತೇ?"

ಭಾವ ಮೆಲ್ಲಗೆ ಕಪಾಟು ಮುಚ್ಚಿದರು. ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಮಗಳು ಮಾತ್ರ ಅವರನ್ನು ನೇರವಾಗಿ ಕೇಳಿದ್ದಳು: "ದೊಡ್ಡಪ್ಪ, ವೇರ್ ಡು ಯು ಕೀಪ್ ಯುವರ್ ಸ್ಟಫ್?"

"ನಿಮ್ಮ ಬೇಸ್‌ಮೆಂಟಿನ್ಯಾಗ," ಎಂದರು ಭಾವ.

ಅದು ನಿಜವೇ ಆಗಿತ್ತು. ಅವರು ಬೇಡವೆಂದದ್ದೆಲ್ಲ, ನಾವು ಬಿಡಲಾರದ್ದೆಲ್ಲ ಅಲ್ಲೇ ಒಟ್ಟಿತ್ತು. ಹೋದ ಸೆಪ್ಟೆಂಬರಿನ ಬಿರುಮಳೆಯಲ್ಲಿ ಕರೆಂಟು ಹೋಯಿತು, ಬೇಸ್‌ಮೆಂಟಿನ ನೀರೆತ್ತುವ ಪಂಪು ನಿಂತಿತು. ಬೆಳಿಗ್ಗೆ ಇಳಿದು ನೋಡಿದರೆ ಮೊಣಕಾಲುದ್ದ ನೀರು. ಅಕ್ಕನ ಸೋಫಾ ಕೆರೆಯಲ್ಲಿ ಮಲಗಿದ ಎಮ್ಮೆಯಂತೆ ಬೆನ್ನು ಮಾತ್ರ ತೋರಿಸುತ್ತಿತ್ತು. ನಾನು ನಕ್ಕೆನೋ ಏನೋ. ಹಿಂದೆ ಮೆಟ್ಟಿಲ ಮೇಲೆ ಕೂತ ಅಮ್ಮನ ಮುಖ ನೋಡಿದ ಮೇಲೆ ನಗು ನಿಂತಿತು. ಅವರ ದಸರಾ ಗೊಂಬೆಗಳ ಪೆಟ್ಟಿಗೆ ನೆಲದ ಮೇಲಿತ್ತು. ಅವರ ಅಮ್ಮನಿಂದ ಬಂದ ಗೊಂಬೆಗಳು. ಮೈಸೂರಿನಿಂದ ಬಂದಾಗಲೆಲ್ಲ ಸೀರೆಯಲ್ಲಿ ಸುತ್ತಿ ಒಂದೊಂದಾಗಿ ತಂದಂಥವು.

ಫೋನು ಮಾಡಿದ ಮೇಲೆ ಅಕ್ಕ ಭಾವ ಇಬ್ಬರೂ ಬಂದರು. ನನಗಿದ್ದ ಭಯ ಒಂದೇ: ಈ ಮನುಷ್ಯ ಅಮ್ಮನ ಎದುರು, "ಹೋತಲ್ಲ, ಛಲೋ ಆತು" ಎಂದುಬಿಟ್ಟರೆ?

ಭಾವ ಪ್ಯಾಂಟು ಮಡಚಿಕೊಂಡು ನೀರಿಗಿಳಿದರು. ಸೋಫಾದ ಕಡೆ ತಿರುಗಿಯೂ ನೋಡದೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಮೇಲೆ ತಂದು, "ಅತ್ತೀ, ನಡೀರಿ ನಮ್ಮ ಮನಿಗೆ. ಅಲ್ಲೆ ಕರೆಂಟ್ ಅದ," ಎಂದರು.

ಮಧ್ಯಾಹ್ನದ ಹೊತ್ತಿಗೆ ಜಮಖಾನೆ ಸುರುಳಿಯಾಗಿ ಮೂಲೆ ಸೇರಿತ್ತು, ಹಾಲಿನ ತುಂಬ ಬೆಡ್‌ಶೀಟುಗಳು, ಬೆಡ್‌ಶೀಟುಗಳ ತುಂಬ ಗೊಂಬೆಗಳು. ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಗೆ ಹೋಗಬೇಕಾದರೆ ಆನೆಯನ್ನೂ ಅರಮನೆಯ ಕಾವಲುಗಾರನನ್ನೂ ದಾಟಬೇಕಿತ್ತು. "ನೋಡೇ, ನನ್ನ ಒಂದು ಕುರ್ಚಿಗೆ ಇಲ್ಲಿ ಜಾಗ ಇರಲಿಲ್ಲ," ಎಂದಳು ಅಕ್ಕ, ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು.

ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಭಾವ ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಒಂದೊಂದನ್ನೇ ಒಣಗಿಸುತ್ತಿದ್ದರು. ಬಿಸಿ ಗಾಳಿಗೆ ಬಣ್ಣ ಏಳುತ್ತದಂತೆ. ಪ್ರತಿಯೊಂದನ್ನೂ ಎತ್ತಿ ಹಿಡಿದು, "ಅತ್ತೀ, ಇದು ಯಾರದು?" ಎನ್ನುವರು. ಬೆಳಗಿನಿಂದ ತುಟಿ ಬಿಚ್ಚದಿದ್ದ ಅಮ್ಮ, ಇದು ತಮ್ಮ ಮದುವೆಗೆ ಕೊಟ್ಟದ್ದು, ಇದರ ಮೂಗು ಚಿಕ್ಕ ಮಗಳು, ಅಂದರೆ ನಾನು, ಮುರಿದದ್ದು ಎಂದು ಒಂದೊಂದಕ್ಕೂ ಕತೆ ಹೇಳತೊಡಗಿದರು. ಸೆಟ್ಟಿ ಗೊಂಬೆಯ ಹೆಂಡತಿ ಕಾಣದಿದ್ದಾಗ ಭಾವ ಗಾಬರಿಯಾಗಿ ಇಡೀ ಪೆಟ್ಟಿಗೆ ಬರಿದು ಮಾಡಿ ಹುಡುಕಿದರು.

ಮರದವು ಉಳಿದವು. ಮಣ್ಣಿನ ಒಂದು ಗೊಂಬೆಯ ಮುಖ ಮಾತ್ರ ಪೂರ್ತಿ ತೊಳೆದುಹೋಗಿತ್ತು. ಅಮ್ಮ ನೋಡದಿರಲೆಂದು ನಾನದನ್ನು ಕಸದ ಚೀಲಕ್ಕೆ ಹಾಕಿದೆ. ಜೀವಮಾನವೆಲ್ಲ ಚೀಲಕ್ಕೆ ಹಾಕುವುದನ್ನಷ್ಟೇ ಬಲ್ಲ ಭಾವ, ಎದ್ದು ಬಂದು ಅದನ್ನು ಹೊರಗೆ ತೆಗೆದರು.

"ಮುಖವೇ ಇಲ್ಲ ಭಾವ," ಎಂದೆ.

"ಇಲ್ಲದಿದ್ರ ಇಲ್ಲ ಬಿಡವಾ. ಅತ್ತಿಗೆ ಗುರ್ತು ಸಿಗ್ತದ."

ಅಮ್ಮನ ಅಂಗೈಯಲ್ಲಿ ಇಟ್ಟರು. ಅಮ್ಮ ಅದರ ಬೆನ್ನ ಮೇಲೆ ಹೆಬ್ಬೆರಳಾಡಿಸಿ, ಜಡೆಯ ಉಬ್ಬನ್ನು ಹುಡುಕಿ, "ಹೂ ಮಾರೋಳು. ನಮ್ಮಮ್ಮ ಇವಳನ್ನೇ ಮೊದಲು ಕೂರಿಸ್ತಿದ್ರು," ಎಂದರು.

"ಹಂಗಾದ್ರ ಇಲ್ಲೆ ಕೊಡ್ರಿ," ಎಂದರು ಭಾವ. ಎಳೆಗೂಸಿನ ತಲೆಗೆ ಆಸರೆ ಕೊಡುವ ಹಾಗೆ ಒಂದು ಕೈ ಅಡಿಗಿಟ್ಟು, ಡ್ರೈಯರನ್ನು ದೂರ ಹಿಡಿದು, ಆ ಹೂವಿನವಳ ಒದ್ದೆ ಜಡೆಯನ್ನು ಒಣಗಿಸತೊಡಗಿದರು.